ಓದುಗರ ಪ್ರಶ್ನೆ, ನಮ್ಮ ಉತ್ತರ: ಫಲಿತಾಂಶ ಬಂದ ಮೇಲಿನ ಎರಡು ತಿಂಗಳು

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶಗಳು ಹೊರಬಿದ್ದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಉಳಿದ ದಿನಗಳಲ್ಲಿ ಪರೀಕ್ಷೆಯ ಭಯ, ಮರೆವು, ಮಕ್ಕಳ ಮೊಬೈಲ್ ಹುಚ್ಚು ಇವುಗಳ ಬಗ್ಗೆ ಬರೆಯುವವರು ಹೆಚ್ಚು. ಈ ದಿನಗಳಲ್ಲಿ ದುಡ್ಡಿನ ಬಗ್ಗೆ ಬರೆಯುವವರು ಹೆಚ್ಚು. ಹಾಗಾಗಿ ಈ ಬಾರಿ ಬಡತನ ಮತ್ತು ಓದು ಎಂಬ ಒಂದೇ ವಿಷಯದ ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ, ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುತ್ತಾರೆ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದೇನೆ. ತಂಗಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಶೇ. 86 ಅಂಕ ತೆಗೆದಿದ್ದಾಳೆ. ಊರಿನಲ್ಲಿ ಕಾಲೇಜಿಲ್ಲ. ಹೆಣ್ಣು ಹುಡುಗಿಯನ್ನು ಹೊರಗೆ ಕಳಿಸುವುದು ಬೇಡ, ಗಂಡು ನೋಡೋಣ ಎಂದು ಸೋದರಮಾವ ಪಟ್ಟು ಹಿಡಿದಿದ್ದಾರೆ. ತಂಗಿಯನ್ನು ಓದಿಸಲು ನಾನು ತಿಂಗಳಿಗೆ ಎಷ್ಟು ಕಳಿಸಬೇಕಾಗುತ್ತದೆ?

ಉತ್ತರ: ನೀವು ಓದಿಸಬೇಕೋ ಬೇಡವೋ ಎಂದು ಕೇಳದೆ ಎಷ್ಟು ಕಳಿಸಬೇಕು ಎಂದು ಕೇಳಿದ್ದೀರಿ. ಅರ್ಧ ಕೆಲಸ ಅಲ್ಲಿಗೇ ಮುಗಿದಿದೆ. ಹಣದ ಲೆಕ್ಕಕ್ಕೆ ಬರುವ ಮುನ್ನ ಮಾವನವರ ಮಾತನ್ನು ಇತ್ಯರ್ಥ ಮಾಡಿಕೊಳ್ಳೋಣ. ನಿಮ್ಮ ತಂಗಿಗೆ ಈಗ ಹದಿನಾರು ಇದ್ದೀತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡುವುದು, ಮಾಡಿಸುವುದು, ಮುಂದೆ ನಿಂತು ನಡೆಸುವುದು ಎಲ್ಲವೂ ಅಪರಾಧ. ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಡಿ. ಮನೆಯ ಹಿರಿಯರನ್ನು ಎದುರು ಹಾಕಿಕೊಂಡರೆ ಅದರ ಪೆಟ್ಟು ಹುಡುಗಿಯ ಮೇಲೆಯೇ ಬೀಳುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಮನೆಗೆ ಕರೆದುಕೊಂಡು ಹೋಗಿ ಅವರಿಂದ ಹೇಳಿಸಿ. ಮಾತು ಮೀರಿ ಮದುವೆಯ ತಯಾರಿ ನಡೆದರೆ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಇನ್ನು ಹಣ. ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಶುಲ್ಕ ಕಡಿಮೆ. ಬಡ ಮನೆಯ ಮಕ್ಕಳಿಗೆ ಭಾರವಾಗುವುದು ಊಟ, ವಸತಿ ಮತ್ತು ದಾರಿ ಖರ್ಚು. ದಾರಿ ಖರ್ಚನ್ನು ಸದ್ಯಕ್ಕೆ ಬಿಡಬಹುದು, ಏಕೆಂದರೆ 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಊಟ ಮತ್ತು ವಸತಿಗೆ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ ಕಲ್ಯಾಣ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಇಲಾಖೆಗಳು ನಡೆಸುವ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳಿವೆ. ಹಿಂದುಳಿದ ವರ್ಗಕ್ಕೆ ಸೇರಿದ್ದು ಹಾಸ್ಟೆಲ್ ಸಿಗದೆ ಹೋದರೆ ಊಟ, ವಸತಿಗೆ ಹಣ ಕೊಡುವ ವಿದ್ಯಾಸಿರಿಗೆ ಅರ್ಜಿ ಹಾಕಬಹುದು. ಆ ಯೋಜನೆ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುತ್ತಿದ್ದರು. ಹಾಸ್ಟೆಲ್ ಸಿಕ್ಕರೆ ನಿಮ್ಮ ಪಾಲಿಗೆ ಉಳಿಯುವುದು ಪುಸ್ತಕ, ರೆಕಾರ್ಡು, ಸಾಬೂನು, ಬಟ್ಟೆ, ಹಬ್ಬಕ್ಕೆ ಊರಿಗೆ ಬಂದುಹೋಗುವ ಸಣ್ಣಪುಟ್ಟ ಖರ್ಚು. ತಿಂಗಳಲ್ಲಿ ಮೂರು ದಿನದ ಕೂಲಿಯನ್ನು ತಂಗಿಯ ಹೆಸರಿಗೆ ಎತ್ತಿಟ್ಟರೆ ಸಾಕಾದೀತು. ಆದರೆ ಜೂನ್ ತಿಂಗಳಲ್ಲಿ ಮಾತ್ರ ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿರಲಿ, ಏಕೆಂದರೆ ವಿದ್ಯಾರ್ಥಿವೇತನ ಬರುವುದು ಕಾಲೇಜು ಶುರುವಾಗಿ ಎಷ್ಟೋ ತಿಂಗಳ ಮೇಲೆ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ವಿದ್ಯಾರ್ಥಿನಿಲಯಗಳ ಒಡನಾಟದಲ್ಲಿ ಕಂಡದ್ದನ್ನು ಇಟ್ಟುಕೊಂಡು ಹೇಳುವುದಾದರೆ, ಬಡವರ ಮಕ್ಕಳು ಪಾಠ ಹತ್ತದೆ ಓದು ಬಿಡುವುದು ಕಡಿಮೆ. ಒಂದು ಶಾಲೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಎರಡು ತಿಂಗಳಲ್ಲಿ ಕೈತಪ್ಪಿ ಹೋಗುವವರೇ ಹೆಚ್ಚು. ಏಳನೆಯ ತರಗತಿಯ ಮೇಲೆ, ಹತ್ತರ ಮೇಲೆ, ಪಿಯುಸಿಯ ಮೇಲೆ ಹೀಗೆ ಮೂರು ಕಡೆ ಈ ಬಿರುಕು ಇದೆ. ರಜೆಯಲ್ಲಿ ಕೂಲಿಗೆ ಹೋದ ಹುಡುಗನಿಗೆ ಕೈಗೆ ಕಾಸು ಹತ್ತುತ್ತದೆ, ಹುಡುಗಿಗೆ ಗಂಡು ಗೊತ್ತಾಗುತ್ತದೆ, ಅರ್ಜಿಯ ಕೊನೆಯ ದಿನ ಯಾರಿಗೂ ತಿಳಿಯದಂತೆ ಕಳೆದುಹೋಗುತ್ತದೆ.

ಆ ಅರ್ಜಿ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ, ಹಾಸ್ಟೆಲಿನ ಅರ್ಜಿ ಬೇರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಿದಾಗ ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಪೋರ್ಟಲ್ ಕೇಳುವುದು ಆ ಸಂಖ್ಯೆಯನ್ನು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ ಇರುವುದರಿಂದ ಹಳೆಯದು ಮನೆಯಲ್ಲಿದೆ ಎಂದು ಸುಮ್ಮನಿರಬೇಡಿ, ದಿನಾಂಕ ನೋಡಿ. ಅತಿ ಹೆಚ್ಚು ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ ಹುಲಿಗೆಮ್ಮ ಎಂದಿರುತ್ತದೆ, ಆಧಾರ್ ಕಾರ್ಡಿನಲ್ಲಿ ಹುಲಿಗಮ್ಮ ಎಂದಿರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದರ ಮುಂದೆ ಅಪ್ಪನ ಹೆಸರು ಸೇರಿರುತ್ತದೆ. ಮನುಷ್ಯರಿಗೆ ಮೂವರೂ ಒಬ್ಬಳೇ ಎಂದು ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯುವುದಿಲ್ಲ. ಫಲಿತಾಂಶ ಬಂದ ವಾರದಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಂಕಪಟ್ಟಿಯಂತೆ ಆಧಾರನ್ನು ತಿದ್ದಿಸಿ, ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಕೇಳಿಕೊಂಡು ಬರಲಿ.

ರಾಯಚೂರು ಜಿಲ್ಲೆಯವರಾದ ನಿಮಗೆ ಇನ್ನೊಂದು ಅನುಕೂಲವಿದೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದ ಕಡೆ ಶೇ. 8ರಷ್ಟು ಸೀಟುಗಳು ಆ ಭಾಗದವರಿಗೆ ಮೀಸಲು. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯಬೇಕು. ಪಿಯುಸಿಯ ಎರಡು ವರ್ಷದಲ್ಲಿ ಬಿಡುವಾದಾಗ ಮಾಡಿಸಿಡಿ, ಸಿಇಟಿ ಹೊತ್ತಿಗೆ ಓಡಾಡುವುದು ಬೇಡ. ತಂಗಿಯನ್ನು ಓದಿಸುವ ಭರದಲ್ಲಿ ನಿಮ್ಮ ಓದು ಮುಗಿದೇಹೋಯಿತು ಎಂದು ತಿಳಿಯಬೇಡಿ. ಕೆಳಗಿನ ಹಿರಿಯೂರಿನ ಪತ್ರಕ್ಕೆ ಕೊಟ್ಟ ಉತ್ತರವನ್ನೂ ಓದಿ.

ಪ್ರಶ್ನೆ: ಪ್ರತಿ ವರ್ಷ ಪತ್ರಿಕೆಗಳಲ್ಲಿ ಆಟೊ ಚಾಲಕರ ಮಗಳಿಗೆ ರ‍್ಯಾಂಕ್, ಕೂಲಿಕಾರನ ಮಗ ಅಧಿಕಾರಿಯಾದ ಎಂಬ ಸುದ್ದಿ ಬರುತ್ತದೆ. ಕಷ್ಟಪಟ್ಟರೆ ಬಡತನ ಗೆಲ್ಲಬಹುದು ಎಂದು ನೀವೂ ಬರೆಯುತ್ತೀರಿ. ಹಾಗಿದ್ದರೆ ದಿನವಿಡೀ ಕಲ್ಲು ಒಡೆಯುವವನು ಕಷ್ಟಪಡುತ್ತಿಲ್ಲವೇ? ಅವನು ಯಾಕೆ ಬಡವನಾಗಿಯೇ ಇದ್ದಾನೆ? (ಶಿಕ್ಷಕರೊಬ್ಬರು, ಮಂಡ್ಯ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ದುಡಿಮೆಯೊಂದೇ ಬಡತನವನ್ನು ಕಳೆಯುವಂತಿದ್ದರೆ ಕಬ್ಬು ಕಡಿಯುವವರು ನಾಡಿನ ಶ್ರೀಮಂತರಾಗಿರಬೇಕಿತ್ತು. ಅಂಥ ಸುದ್ದಿಗಳ ತೊಂದರೆ ಏನೆಂದರೆ ಅವು ಹುಡುಗಿಯ ಛಲವನ್ನು ಮೂರು ಅಂಕಣಗಳಲ್ಲಿ ಬರೆದು, ಅವಳಿಗೆ ಅನ್ನ ಹಾಕಿದವರು ಯಾರು, ಮಲಗಲು ಜಾಗ ಕೊಟ್ಟವರು ಯಾರು, ಶುಲ್ಕ ಕಟ್ಟಿದವರು ಯಾರು ಎಂಬುದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ ಅಥವಾ ಬಿಟ್ಟೇಬಿಡುತ್ತವೆ.

ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ. ಬೀದಿ ದೀಪದ ಕೆಳಗೆ ಓದಿದರು ಎಂಬ ಕಥೆ ನಮ್ಮ ಶಾಲಾ ಭಾಷಣಗಳಲ್ಲಿ ಮುಗಿಯುವುದೇ ಇಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಆ ಮುದ್ದೇನಹಳ್ಳಿಯ ಹುಡುಗ ಬೆಂಗಳೂರಿನಲ್ಲಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನಿಭಾಯಿಸಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು, ಅಲ್ಲಿಂದ ಪುಣೆಯ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಲು ಹಣ ಕೊಟ್ಟದ್ದು ಮೈಸೂರು ಸರ್ಕಾರ. ಅವರ ಬುದ್ಧಿ ಮತ್ತು ಶಿಸ್ತಿನ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಮನೆಪಾಠವೂ ಆ ವಿದ್ಯಾರ್ಥಿವೇತನವೂ ಇಲ್ಲದಿದ್ದರೆ ಬುದ್ಧಿ ಚಿಕ್ಕಬಳ್ಳಾಪುರ ದಾಟುತ್ತಿರಲಿಲ್ಲ. ಅಂಬೇಡ್ಕರ್ ಅವರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಗಾಯಕವಾಡರು ಮೂರು ವರ್ಷಕ್ಕೆ ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನದ ಬಲದ ಮೇಲೆ.

ನಮ್ಮಲ್ಲಿ ಇಂಥ ಆಸರೆ ಮೊದಲು ಮನೆಮನೆಯಲ್ಲಿತ್ತು. ವಾರಾನ್ನ ಎಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದುವುದು. ಅದು ಎಷ್ಟೋ ಜನರನ್ನು ಬೆಳೆಸಿತು, ನಿಜ. ಆದರೆ ಯಾವ ಹುಡುಗನಿಗೆ ಯಾರ ಮನೆಯ ಬಾಗಿಲು ತೆರೆಯುತ್ತದೆ ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು ಎಂಬುದನ್ನು ವಾರಾನ್ನವನ್ನು ನೆನೆದು ಕಣ್ಣು ತುಂಬಿಕೊಳ್ಳುವವರು ಮರೆಯಬಾರದು. ಆ ಬಾಗಿಲು ಮುಚ್ಚಿದ್ದ ಮಕ್ಕಳಿಗಾಗಿಯೇ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಸಂಸ್ಥೆ ಕಟ್ಟಿ, ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಿಕೊಂಡು ಶಾಲೆ ನಡೆಸಿದರು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಓದುವ ಮಕ್ಕಳಿಗೆ ಬರೆದಿಟ್ಟರು. ನಾಲ್ವಡಿಯವರ ಕಾಲದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, 1972ರಲ್ಲಿ ದೇವರಾಜ ಅರಸರು ನೇಮಿಸಿದ ಹಾವನೂರು ಆಯೋಗ ಇವು ಹಿಂದುಳಿದವರಿಗೆ ಮೀಸಲಾತಿ ಬೇಕೆಂದು ಹೇಳಿ ಈ ಆಸರೆಯನ್ನು ಔದಾರ್ಯದ ಮಾತಿನಿಂದ ಹಕ್ಕಿನ ಮಾತಿನ ಕಡೆಗೆ ತಿರುಗಿಸಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿಯಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಸುಮಾರು 10,000 ಮಕ್ಕಳು ಜಾತಿ ಮತದ ಹಂಗಿಲ್ಲದೆ ಅಲ್ಲಿ ಉಂಡು ಓದುತ್ತಿದ್ದರು.

ಹಾಗಾದರೆ ಶ್ರಮಕ್ಕೆ ಬೆಲೆಯಿಲ್ಲವೇ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಬಹುದು. ಇದೆ. ಸಿದ್ಧಗಂಗೆಯ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಒಂದೇ ಮುದ್ದೆ ಉಂಡರು, ಎಲ್ಲರೂ ಒಂದೇ ಎತ್ತರಕ್ಕೆ ಏರಲಿಲ್ಲ. ಊಟ, ಹಾಸಿಗೆ, ಪುಸ್ತಕ ಇವು ಸಿಕ್ಕ ಮೇಲೆ ಏರುವುದೂ ಬಿಡುವುದೂ ಹುಡುಗನ ಕೈಯಲ್ಲಿದೆ. ಅವು ಸಿಗುವ ಮೊದಲು ಅವನ ಶ್ರಮ ಹೊಟ್ಟೆಗೇ ಖರ್ಚಾಗುತ್ತದೆ. ಕಲ್ಲು ಒಡೆಯುವವನ ಕಥೆ ಅದೇ. 2002ರಿಂದ ರಾಜ್ಯದಲ್ಲಿ ಶುರುವಾದ ಮಧ್ಯಾಹ್ನದ ಬಿಸಿಯೂಟ, 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲು ಇವುಗಳನ್ನು ಬಿಟ್ಟಿ ಭಾಗ್ಯ ಎಂದು ಹಳಿಯುವವರು ನಿಮ್ಮ ಶಿಕ್ಷಕರ ಕೊಠಡಿಯಲ್ಲೂ ಇದ್ದಾರು. ಅವರ ಸ್ವಂತ ಓದಿಗೆ ಯಾವ ಹಾಸ್ಟೆಲ್, ಯಾವ ಸ್ಕಾಲರ್‌ಶಿಪ್ ನೆರವಾಗಿತ್ತು ಎಂದು ಒಮ್ಮೆ ಮೆಲ್ಲಗೆ ಕೇಳಿ ನೋಡಿ.

ಶಿಕ್ಷಕರಾದ ನಿಮಗೆ ಒಂದು ಕೆಲಸ ಹೇಳಬಹುದಾದರೆ: ಎಂಟನೆಯ ತರಗತಿಯಲ್ಲಿ ನಡೆಯುವ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಗೆ ನಿಮ್ಮ ಶಾಲೆಯ ಮಕ್ಕಳನ್ನು ತಯಾರು ಮಾಡಿ. ಅದರಲ್ಲಿ ಆಯ್ಕೆಯಾದ ಬಡ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮೇಲೆ ಹೇಳಿದ ಹತ್ತನೆಯ ತರಗತಿಯ ಬಿರುಕನ್ನು ದಾಟಿಸುವ ಹಣ ಅದು. ಐದನೆಯ ತರಗತಿಯಲ್ಲಿ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗಳೂ ಹಾಗೆಯೇ. ಅರ್ಜಿ ತುಂಬಿಸುವ ಶಿಕ್ಷಕರಿರುವ ಶಾಲೆಯಿಂದ ಮಕ್ಕಳು ಆಯ್ಕೆಯಾಗುತ್ತಾರೆ, ಇಲ್ಲದ ಶಾಲೆಯಿಂದ ಆಗುವುದಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲಾದೆ. ಈಗ ಹಿರಿಯೂರಿನಲ್ಲಿ ಬೈಕ್ ಗ್ಯಾರೇಜಿನಲ್ಲಿದ್ದೇನೆ. ಕೆಲಸ ಚೆನ್ನಾಗಿ ಬರುತ್ತದೆ, ಆದರೆ ಸಂಬಳ ಏರುತ್ತಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಮತ್ತೆ ಓದುವುದು ನಗೆಪಾಟಲಾಗುತ್ತದೆಯೇ?

ಉತ್ತರ: ಡಿ.ವಿ.ಜಿ.ಯವರೂ ಮೆಟ್ರಿಕ್ ದಾಟಲಿಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದು ಸುಲಭ. ಆ ಕಾಲ ಬೇರೆ. ಇಂದು ಹತ್ತನೆಯ ತರಗತಿಯ ಅಂಕಪಟ್ಟಿ ಇಲ್ಲದವನಿಗೆ ಕೈಯಲ್ಲಿ ಎಷ್ಟು ಕಸುಬಿದ್ದರೂ ಕಂಪನಿಯ ಷೋರೂಮಿನಲ್ಲಿ ಮೆಕ್ಯಾನಿಕ್ ಕೆಲಸ ಸಿಗುವುದು ಕಷ್ಟ. ಆದ್ದರಿಂದ ಆ ಎರಡು ವಿಷಯಗಳನ್ನು ಮುಗಿಸಲೇಬೇಕು. 2023-24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಪೂರಕ ಪರೀಕ್ಷೆ ಎಂಬ ಹಣೆಪಟ್ಟಿಯೂ ಹೋಗಿದೆ. ಉಳಿಸಿಕೊಂಡಿರುವ ವಿಷಯಗಳನ್ನು ಮಾತ್ರ ಬರೆದರೆ ಸಾಕು. ನೀವು ಓದಿದ ಶಾಲೆಗೇ ಹೋಗಿ ನೋಂದಣಿ ಮಾಡಿಸಿ. ಎರಡನ್ನೂ ಒಟ್ಟಿಗೆ ಬರೆಯಲು ಧೈರ್ಯ ಬಾರದಿದ್ದರೆ ಮೊದಲು ಒಂದನ್ನು ಕಟ್ಟಿ. ಗಣಿತವನ್ನು ಬಿಟ್ಟು ನಾಲ್ಕು ವರ್ಷವಾದವರಿಗೆ ಹತ್ತನೆಯ ತರಗತಿಯ ಪುಸ್ತಕ ಹಿಡಿದ ಕೂಡಲೇ ಹತ್ತುವುದಿಲ್ಲ. ಭಿನ್ನರಾಶಿ, ಶೇಕಡಾವಾರು, ಬೀಜಗಣಿತದ ಮೊದಲ ಪಾಠಗಳಿಗಾಗಿ ಏಳು ಮತ್ತು ಎಂಟನೆಯ ತರಗತಿಯ ಪುಸ್ತಕಗಳಿಂದ ಆರಂಭಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಅವು ಸಿಗಬಹುದು, ಸಂಜೆ ಕುಳಿತು ಓದಲು ಜಾಗವೂ ಇದ್ದೀತು.

ಹಾಗೆಂದು ಗ್ಯಾರೇಜನ್ನು ಬಿಡಬೇಡಿ. ಅಂಕಪಟ್ಟಿ ಕೈಗೆ ಬಂದ ಮೇಲೆ ಎರಡು ದಾರಿಗಳಿವೆ. ಒಂದು, ಎರಡು ವರ್ಷದ ಐಟಿಐ. ಅದನ್ನು ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಇನ್ನೊಂದು ಸ್ವಂತ ಗ್ಯಾರೇಜು. ಅದಕ್ಕೆ ರುಡ್‌ಸೆಟ್ ಸಂಸ್ಥೆಯ ತರಬೇತಿ ಪಡೆಯಿರಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ ಆರಂಭಿಸಿದ ಈ ಸಂಸ್ಥೆ ಹದಿನೆಂಟರಿಂದ ನಲವತ್ತೈದು ವರ್ಷದವರಿಗೆ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಕಲಿಸುತ್ತದೆ. ಅದನ್ನೇ ಮಾದರಿಯಾಗಿಟ್ಟು ಜಿಲ್ಲೆಗೊಂದರಂತೆ ಬ್ಯಾಂಕುಗಳ ತರಬೇತಿ ಕೇಂದ್ರಗಳು ದೇಶವಿಡೀ ಹರಡಿವೆ. ಕಸುಬು ನಿಮಗೆ ಆಗಲೇ ಗೊತ್ತಿದೆ. ಅಲ್ಲಿ ನೀವು ಕಲಿಯಬೇಕಾದದ್ದು ಲೆಕ್ಕ ಬರೆಯುವುದು, ಬ್ಯಾಂಕಿನವರ ಮುಂದೆ ಯೋಜನಾ ವರದಿ ಇಡುವುದು. ಗ್ಯಾರೇಜು ಹಾಕಿದವರಲ್ಲಿ ಅನೇಕರು ಕೆಲಸ ಬಾರದೆ ಮುಚ್ಚುವುದಿಲ್ಲ, ಉದ್ರಿ ಕೊಟ್ಟು ಮುಚ್ಚುತ್ತಾರೆ.

ಪ್ರಶ್ನೆ: ಐಟಿಐ, ಡಿಪ್ಲೊಮಾ ಎಂದರೆ ದಡ್ಡರು ಓದುವುದು ಎನ್ನುತ್ತಾರೆ. ನಿಜವೇ?

ಉತ್ತರ: ಹಾಗೆ ಹೇಳುವವರ ಮನೆಯಲ್ಲಿ ಮೂರು ವರ್ಷದಿಂದ ಕೆಲಸ ಹುಡುಕುತ್ತಿರುವ ಬಿ.ಇ. ಪದವೀಧರರು ಎಷ್ಟು ಜನರಿದ್ದಾರೆ ಎಂದು ಕೇಳಿ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಓದಿದ ಹುಡುಗರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ. ಮನೆಗೆ ಬೇಗ ಒಂದು ಸಂಬಳ ಬೇಕಾಗಿರುವ ಹುಡುಗ ಹುಡುಗಿಯರಿಗೆ ಹತ್ತನೆಯ ತರಗತಿಯ ಮೇಲೆ ಇದಕ್ಕಿಂತ ಹತ್ತಿರದ ದಾರಿ ಕಡಿಮೆ.

ಪ್ರಶ್ನೆ: ನಾನು ಕೊರಟಗೆರೆ ಕಡೆಯ ಸಣ್ಣ ರೈತ. ಎರಡು ಎಕರೆ ಜಮೀನಿದೆ. ಮಗನಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿಲ್ಲ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಕೊಡಿಸುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ, ಡೊನೇಷನ್ ದೊಡ್ಡದು. ಒಂದು ಎಕರೆ ಮಾರಲೇ?

ಉತ್ತರ: ಮಾರಬೇಡಿ. ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕದಲ್ಲಿ 1984ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದಲೇ ಆ ಹಣಕ್ಕೆ ರಸೀದಿ ಇರುವುದಿಲ್ಲ, ರಸೀದಿ ಇಲ್ಲದ ಹಣಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಮಧ್ಯವರ್ತಿ ಕೈಕೊಟ್ಟರೆ ದೂರು ಕೊಡಲೂ ದಾಖಲೆ ಇರುವುದಿಲ್ಲ. ಜಮೀನು ಮಾರಿದವರ ಮಗ ಓದುವಾಗ ತಲೆಯ ಮೇಲೆ ಹೊತ್ತುಕೊಳ್ಳುವ ಭಾರವೂ ಸಣ್ಣದಲ್ಲ. ಒಂದು ವಿಷಯದಲ್ಲಿ ಫೇಲಾದರೂ ಅಪ್ಪನ ಎಕರೆ ಕಣ್ಣ ಮುಂದೆ ಬರುತ್ತದೆ.

ಮೊದಲು ಮಗನ ಸಿಇಟಿ ಅರ್ಜಿಯನ್ನು ತೆಗೆದು ನೋಡಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿಯಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಶೇ. 5 ಸೀಟುಗಳಿವೆ. ಶಾಲೆಯ ಮುಖ್ಯೋಪಾಧ್ಯಾಯರು ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಅರ್ಹತೆಯಿದ್ದೂ ಅರ್ಜಿಯಲ್ಲಿ ಆ ಕಾಲಮ್ಮನ್ನು ಖಾಲಿ ಬಿಟ್ಟು ಸೀಟು ಕಳೆದುಕೊಂಡವರಿದ್ದಾರೆ. ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇರುತ್ತದೆ, ಆಯ್ಕೆ ನಮೂದಿಸುವಾಗ ಅದನ್ನೂ ಸೇರಿಸಲಿ. ಹೆಸರಾಂತ ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸೇ ಬೇಕೆಂಬ ಹಟ ಬಿಟ್ಟು ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಬೇರೆ ವಿಭಾಗಗಳನ್ನೂ ನೋಡಲಿ. ಅದೂ ಸಿಗದಿದ್ದರೆ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎರಡನೆಯ ವರ್ಷದ ಬಿ.ಇ.ಗೆ ಸೇರಬಹುದು, ವರ್ಷಗಳು ಹೆಚ್ಚಾಗುತ್ತವೆ, ಆದರೆ ಜಮೀನು ಉಳಿಯುತ್ತದೆ.

ಸಿಇಟಿ ಮೂಲಕ ಸೀಟು ಸಿಕ್ಕರೆ ಶಿಕ್ಷಣ ಸಾಲಕ್ಕೆ ಹೆದರಬೇಡಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಯಾವ ಅಡಮಾನವನ್ನೂ ಕೇಳುವಂತಿಲ್ಲ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ಮಾನ್ಯತೆ ಪಡೆದ ಕಾಲೇಜಿನಲ್ಲಿ ವೃತ್ತಿಶಿಕ್ಷಣ ಓದುವವರಿಗೆ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಸಾಲದ ಅರ್ಜಿ ಕೊಡುವಾಗಲೇ ಇದನ್ನು ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ಶಾಖೆಯಲ್ಲಿ ತಾವಾಗಿ ಹೇಳುವವರು ಕಡಿಮೆ. ರೈತರ ಮಕ್ಕಳಿಗಾಗಿ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯ ಬಗ್ಗೆಯೂ ವಿಚಾರಿಸಿ.

ಪ್ರಶ್ನೆ: ಬಿ.ಎ. ಮುಗಿಸಿ ರಾಮನಗರದ ಬಳಿ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು 24. ಕೆಲಸ ಬಿಟ್ಟು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರಿ ಎಫ್‌ಡಿಎ, ಕೆಎಎಸ್‌ನಂಥ ಸರ್ಕಾರಿ ನೌಕರಿಯ ಪರೀಕ್ಷೆಗಳನ್ನು ಬರೆಯಬೇಕೆಂಬ ಆಸೆ. ಮನೆಯಲ್ಲಿ ಅಮ್ಮ ಮತ್ತು ತಮ್ಮ ನನ್ನ ಸಂಬಳವನ್ನೇ ನಂಬಿದ್ದಾರೆ.

ಉತ್ತರ: ತಂಗಿ, ಈ ಪ್ರಶ್ನೆಗೆ ಹಿತವಾದ ಉತ್ತರ ಕೊಡುವುದು ಸುಲಭವಲ್ಲ. ಧಾರವಾಡದಲ್ಲೂ ವಿಜಯನಗರದಲ್ಲೂ ಬಾಡಿಗೆ ಕೊಠಡಿಗಳಲ್ಲಿ ಕುಳಿತು ಐದಾರು ವರ್ಷಗಳಿಂದ ಓದುತ್ತಿರುವ ಬಡ ಮನೆಗಳ ಪದವೀಧರರನ್ನು ನೀವು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಕಾಣುತ್ತೀರಿ. ಅವರ ಶ್ರಮದಲ್ಲಿ ಕೊರತೆಯಿಲ್ಲ. ಅಧಿಸೂಚನೆ ತಡವಾಗುತ್ತದೆ, ಪರೀಕ್ಷೆ ಮುಂದೆ ಹೋಗುತ್ತದೆ, ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ, ಹುದ್ದೆಗಳು ನೂರಾರಿದ್ದರೆ ಬರೆಯುವವರು ಲಕ್ಷಗಳಲ್ಲಿರುತ್ತಾರೆ. ಹಿಂದೆ ಆಸ್ತಿಯಿರುವವರು ಇದನ್ನು ತಾಳಿಕೊಳ್ಳಬಲ್ಲರು. ಒಬ್ಬರ ಸಂಬಳದ ಮೇಲೆ ನಿಂತ ಮನೆ ತಾಳಿಕೊಳ್ಳಲಾರದು.

ಆದ್ದರಿಂದ ಸದ್ಯಕ್ಕೆ ಕೆಲಸ ಬಿಡಬೇಡಿ. ಎರಡು ಅಧಿಸೂಚನೆಗಳ ತನಕ ಕೆಲಸದಲ್ಲಿದ್ದುಕೊಂಡೇ ಬರೆಯಿರಿ. ಆರರಿಂದ ಹತ್ತನೆಯ ತರಗತಿಯ ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನ, ವಿಜ್ಞಾನ ಪುಸ್ತಕಗಳನ್ನು ಸಾಲುಸಾಲಾಗಿ ಓದಿ ಮುಗಿಸಿದವರು ಕೋಚಿಂಗಿನ ಮೊದಲ ಕೆಲವು ತಿಂಗಳ ಪಾಠವನ್ನು ಮನೆಯಲ್ಲೇ ಮುಗಿಸಿದಂತೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಆಯ್ಕೆಯಾದವರಿಗೆ ಉಚಿತ ಪರೀಕ್ಷಾಪೂರ್ವ ತರಬೇತಿಯನ್ನೂ ಶಿಷ್ಯವೇತನವನ್ನೂ ಕೊಡುತ್ತವೆ. ಅದಕ್ಕೆ ಆಯ್ಕೆಯಾದರೆ ಮಾತ್ರ ಕೆಲಸ ಬಿಡುವ ವಿಚಾರ ಮಾಡಿ. ಇದರ ಜೊತೆಗೆ ನಿಮ್ಮ ಕಾರ್ಖಾನೆಯಲ್ಲೇ ಹೊಲಿಗೆ ಸಾಲಿನಿಂದ ಕಚೇರಿಯ ಕಡೆಗೆ, ಅಂದರೆ ಹಾಜರಾತಿ, ಸಂಬಳದ ಲೆಕ್ಕ, ದಾಸ್ತಾನು ಬರೆಯುವ ವಿಭಾಗಕ್ಕೆ ಹೋಗಲು ಏನು ಬೇಕೆಂದು ಮೇಲ್ವಿಚಾರಕರನ್ನು ಕೇಳಿ. ಎಕ್ಸೆಲ್ ಮತ್ತು ಟ್ಯಾಲಿ ಬಲ್ಲ ಪದವೀಧರೆಗೆ ಅಲ್ಲಿ ಜಾಗವಿರುತ್ತದೆ. ಪತ್ರದಲ್ಲಿ ತಮ್ಮನ ಓದಿನ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅವನು ಹದಿನೆಂಟು ದಾಟಿದ್ದರೆ ಬಿಡುವಿನ ವೇಳೆಯ ದುಡಿಮೆಯಿಂದ ಮನೆಗೆ ಸ್ವಲ್ಪವಾದರೂ ತರಲಿ. ಅಕ್ಕನ ಆಸೆಯನ್ನೇ ಯಾವಾಗಲೂ ಮುಂದಕ್ಕೆ ಹಾಕುವುದು ನಮ್ಮ ಮನೆಗಳ ಹಳೆಯ ಅಭ್ಯಾಸ.

ಪ್ರಶ್ನೆ: ಚಾಮರಾಜನಗರ ಜಿಲ್ಲೆಯಿಂದ ಬಂದು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಪಿಯುಸಿಯಲ್ಲಿ ಒಳ್ಳೆಯ ಅಂಕವಿತ್ತು. ಇಲ್ಲಿ ಪಾಠ ಇಂಗ್ಲಿಷಿನಲ್ಲಿ ಓಡುತ್ತದೆ, ಏನೂ ತಲೆಗೆ ಹೋಗುವುದಿಲ್ಲ, ಪ್ರಶ್ನೆ ಕೇಳಲು ನಾಚಿಕೆ. ಬಿಟ್ಟು ಊರಿಗೆ ಹೋಗೋಣ ಎನಿಸುತ್ತಿದೆ.

ಉತ್ತರ: ನಿಮ್ಮ ಹಾಸ್ಟೆಲಿನ ನಿಮ್ಮ ಸಾಲಿನ ಕೊಠಡಿಗಳಲ್ಲೇ ಇದೇ ಮಾತನ್ನು ಯಾರಿಗೂ ಹೇಳದೆ ಮಲಗುವ ಹುಡುಗರು ಇನ್ನೂ ಕೆಲವರಿದ್ದಾರೆ. ಬೆಳಿಗ್ಗೆ ಸ್ನಾನಕ್ಕೆ ಬಕೆಟ್ ಹಿಡಿದು ಸಾಲಿನಲ್ಲಿ ನಿಂತಾಗ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ, ತರಗತಿಯಲ್ಲಿ ಅವರೇ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ಅವರನ್ನು ಹುಡುಕಿ ಮೂರು ನಾಲ್ಕು ಜನ ಒಟ್ಟಾಗಿ. ಮರುದಿನ ಪಾಠವಾಗಲಿರುವ ಅಧ್ಯಾಯವನ್ನು ಹಿಂದಿನ ರಾತ್ರಿಯೇ ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆದಿಟ್ಟುಕೊಳ್ಳಿ. ತರಗತಿಯಲ್ಲಿ ಅದೇ ಪದ ಕಿವಿಗೆ ಬಿದ್ದಾಗ ವಾಕ್ಯ ಅರ್ಥವಾಗದಿದ್ದರೂ ವಿಷಯ ಎಲ್ಲಿದೆ ಎಂಬುದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಪಟಪಟ ಮಾತಾಡುವುದು ನಿಧಾನವಾಗಿ ಬರಲಿ, ಈ ವರ್ಷ ನಿಮಗೆ ಬೇಕಾಗಿರುವುದು ಓದಿ ಅರ್ಥ ಮಾಡಿಕೊಂಡು ಬರೆಯುವಷ್ಟು ಇಂಗ್ಲಿಷ್ ಮಾತ್ರ. ಪ್ರಶ್ನೆಯನ್ನು ತರಗತಿಯ ನಡುವೆ ಕೇಳಲು ಆಗದಿದ್ದರೆ ಪಾಠ ಮುಗಿದ ಮೇಲೆ ಅಧ್ಯಾಪಕರ ಕೊಠಡಿಗೆ ಹೋಗಿ ಕನ್ನಡದಲ್ಲೇ ಕೇಳಿ. ಬೇಡ ಎನ್ನುವವರು ಕಡಿಮೆ.

ಎರಡು ಸೆಮಿಸ್ಟರುಗಳ ಫಲಿತಾಂಶ ಬರುವ ತನಕ ಬಿಟ್ಟುಹೋಗುವ ಮಾತನ್ನು ಎತ್ತಬೇಡಿ. ಒಂದೆರಡು ವಿಷಯ ಉಳಿದರೂ ಮತ್ತೆ ಬರೆಯಲು ಅವಕಾಶವಿದೆ. ಈ ಚಿಂತೆಯಲ್ಲಿ ಎರಡನೆಯ ವರ್ಷದ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನಗಳ ನವೀಕರಣದ ಅರ್ಜಿಯನ್ನು ಮಾತ್ರ ಮರೆಯಬೇಡಿ. ಅದರ ಕೊನೆಯ ದಿನಾಂಕವನ್ನು ಇವತ್ತೇ ವಾರ್ಡನ್ ಅವರಲ್ಲಿ ಕೇಳಿ ಗೋಡೆಯ ಮೇಲೆ ಬರೆದಿಡಿ.